ಮಿರಜಿನ ಮನೆಯ ಬೆಳಕಿಂಡಿ

ಆ ಮನೆಯನ್ನು ನಾನು ಒಪ್ಪಿಕೊಂಡದ್ದು ಬಿಸಿನೀರಿನ ಆಸೆಗೆ. ಆ ವರ್ಷ ಜೂನ್‌ನಿಂದ ದೀಪಾವಳಿಯವರೆಗೆ ಎರಡು ಕಡೆ ಇದ್ದು, ಎರಡೂ ಕಡೆ ತಣ್ಣೀರಿನಲ್ಲಿ ಮಿಂದು, ಎದೆಯಲ್ಲಿ ಕಫ ಕಟ್ಟಿಸಿಕೊಂಡಿದ್ದೆ.

ನಮ್ಮದು ಜತ್ತ ತಾಲೂಕಿನ ಗಡಿಯಂಚಿನ ಹಳ್ಳಿ. ಮನೆಯಲ್ಲಿ ಕನ್ನಡ, ಏಳನೆಯವರೆಗೆ ಶಾಲೆಯಲ್ಲಿ ಕನ್ನಡ, ಅಲ್ಲಿಂದ ಮುಂದೆ ಎಲ್ಲವೂ ಮರಾಠಿ. ಮಿರಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಾಗ ಹಾಸ್ಟೆಲ್ ತುಂಬಿಹೋಗಿತ್ತು. ಯಾರಾದರೂ ಬಿಟ್ಟು ಹೋದರೆ ಕರೆಯುತ್ತೇವೆ ಎಂದು ಹೆಸರು ಬರೆದುಕೊಂಡರು. ಅಪ್ಪ ನನ್ನನ್ನು ಮಾಧವನಗರದ ಮಾವಶಿಯ, ಎಂದರೆ ಚಿಕ್ಕಮ್ಮನ, ಮನೆಯಲ್ಲಿ ಬಿಟ್ಟು ಊರಿಗೆ ಹೋದ. ಹಿಂದೆ ಗಿರಣಿ ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆ ಅದು. ಎರಡು ಕೋಣೆ, ನನ್ನನ್ನು ಸೇರಿಸಿ ಏಳು ಜನ. ಟ್ರಂಕಿಗೂ ಹೊಲಿಗೆ ಯಂತ್ರಕ್ಕೂ ನಡುವೆ ನನ್ನ ಹಾಸಿಗೆ. ಕಾಕಾ ಮಗ್ಗದ ಕಾರಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಪಿಸುಗುಡುತ್ತಲೇ ಇರಬೇಕಾಗಿತ್ತು. ಮಾವಶಿ ಒಂದು ದಿನವೂ ಮುಖ ಬಾಡಿಸಲಿಲ್ಲ. ಆದರೆ ನಾನು ಪುಸ್ತಕ ತೆರೆದರೆ ಮನೆಯ ಮಕ್ಕಳು ತಮ್ಮ ಪುಸ್ತಕ ಮುಚ್ಚಿ ಜಾಗ ಬಿಡುತ್ತಿದ್ದವು. ಅದನ್ನು ನೋಡಲಾಗುತ್ತಿರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಮಿರಜಿನ ಪೇಟೆಯ ಹಿಂದಿನ ಒಂದು ಹಳೆಯ ವಾಡೆಗೆ ಬಂದೆ. ಮೇಲಿನ ಅಂಕಣದ ಒಂದು ಕೋಣೆಯಲ್ಲಿ ನಾಲ್ವರು ಹುಡುಗಿಯರು. ಕೆಳಗೆ ತಂಬೂರಿ ಮಾಡುವವರ ಅಂಗಡಿ. ದಿನವಿಡೀ ಕುಂಬಳದ ಬುರುಡೆ ಉಜ್ಜುವ ಸದ್ದು, ಅರಗಿನ ವಾಸನೆ. ಮಾಲೀಕರು ಸಂಜೆ ಏಳಕ್ಕೆ ದೊಡ್ಡ ಬಾಗಿಲಿಗೆ ಅಗುಳಿ ಹಾಕುತ್ತಿದ್ದರು. ನನ್ನ ಪ್ರಾಕ್ಟಿಕಲ್ ಮುಗಿಯುವುದೇ ಏಳಕ್ಕೆ. ಎರಡು ಸಲ ಹೊರಗೆ ನಿಂತು ಬೈಸಿಕೊಂಡು ಒಳಗೆ ಹೋದೆ. ಆಮೇಲೆ ಹಿಂಗಾರು ಮಳೆಯಲ್ಲಿ ನಮ್ಮ ತಲೆಯ ಮೇಲಿನ ತೊಲೆ ಸೀಳು ಬಿಟ್ಟಿತು. ನಾವು ತೋರಿಸಿದೆವು. ಮಾಲೀಕರು ಬೆರಳಿಟ್ಟು ನೋಡಿ, ಹಬ್ಬದೊಳಗೆ ಬೇರೆ ಖೋಲಿ ನೋಡಿಕೊಳ್ಳಿ ಎಂದರು.

ಆಗ ಝೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ಆ ಚೀಟಿ ಕಂಡಿತು. ಹುಡುಗಿಯರಿಗೆ ಖೋಲಿ, ಇಬ್ಬರಿಗೆ ಒಂದು, ಊಟವಿದೆ, ಇಪ್ಪತ್ನಾಲ್ಕು ತಾಸು ಬಿಸಿನೀರು.

ಸಾಂಗಲಿ–ಮಿರಜ ರಸ್ತೆಯಿಂದ ಒಳಗೆ ಹೋದರೆ ಹೊಸ ಬಡಾವಣೆಯಲ್ಲಿತ್ತು ಮನೆ. ಅಪ್ಪ ಊರಿಂದ ಬಂದ. ಬಾಗಿಲು ತೆರೆದ ಹೆಂಗಸು ಹಣೆಗೆ ವಿಭೂತಿ ಹಚ್ಚಿದ್ದರು. ಅಪ್ಪ ತನ್ನ ಅರ್ಧಂಬರ್ಧ ಮರಾಠಿಯಲ್ಲಿ ಮಾತು ಶುರು ಮಾಡಿದ್ದೇ ತಡ, ಅವರು ನಕ್ಕರು.

"ಅಯ್ಯ, ಕನ್ನಡದಾಗ ಮಾತಾಡ್ರಿ. ನಮ್ಮ ಮಂದೀನೂ ಆ ಕಡೆಯವರ. ಬರ್ರಿ, ಕುಂದ್ರಿ."

ಅವರ ಗಂಡ ಸಾಂಗಲಿಯ ಅರಿಸಿನ ಪೇಟೆಯಲ್ಲಿ ಅಡತಿ ಅಂಗಡಿಯವರು. ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ. ಕೆಳಗಿನ ಮನೆಯಲ್ಲಿ ಅವರಿಬ್ಬರೇ. ಮಾಳಿಗೆಯ ಮೇಲೆ ಹುಡುಗಿಯರಿಗೆಂದು ಕಟ್ಟಿಸಿದ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಬಿಳಿ ಟೈಲ್ಸು, ಹೊಸ ನಲ್ಲಿಗಳು, ಗೋಡೆಯ ಮೇಲೆ ಪುಟ್ಟ ಗ್ಯಾಸ್ ಗೀಸರು. ಅವರು ನಲ್ಲಿ ತಿರುಗಿಸಿದರು. ಗೀಸರಿನೊಳಗೆ 'ಭಪ್' ಎಂದು ನೀಲಿ ಬೆಂಕಿ ಹೊತ್ತಿಕೊಂಡಿತು, ಒಂದು ನಿಮಿಷದೊಳಗೆ ಹೊಗೆಯಾಡುವ ನೀರು ಬಂತು. ನಾನು ಅದರ ಕೆಳಗೆ ಕೈಯೊಡ್ಡಿದೆ. ತೆಗೆಯಲು ಮನಸ್ಸೇ ಆಗಲಿಲ್ಲ.

ಅಪ್ಪ ನೀರಿನ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಮೇಲಿದ್ದ ಬೆಳಕಿಂಡಿಯ ಮೇಲಿತ್ತು. ಅದಕ್ಕೆ ಗಾಜಿನ ಪಟ್ಟಿಗಳಿರಬೇಕಾಗಿತ್ತು. ಮೂರು ಬಿದ್ದುಹೋಗಿ ಎರಡೇ ಉಳಿದಿದ್ದವು. ಆಚೆ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು. ಸೆಂಟ್ರಿಂಗ್ ಹಲಗೆಯ ಮೇಲೆ ಇಬ್ಬರು ಗೌಂಡಿಗಳು ನಿಂತು ಇಟ್ಟಿಗೆ ಇಡುತ್ತಿದ್ದರು.

"ಇಲ್ಲಿಂದ ಎಲ್ಲಾ ಕಾಣ್ತೇತಲ್ರಿ," ಎಂದ ಅಪ್ಪ.

"ಗಾಳಿಗೆ ಅಂತ ಇಟ್ಟಿದ್ರಿ ಅದು."

"ಗಾಳಿ ಏನ್ ಮಾಡೂದೈತ್ರಿ? ಹೆಣ್ಣಮಕ್ಕಳ ಇರೂ ಜಾಗಾ. ಮುಚ್ಚಿಸ್ರಿ. ಇವತ್ತ ಮುಚ್ಚಿಸಿದ್ರ ಇವತ್ತ ಸಾಮಾನ ತರ್ತೇನಿ."

ಅವರಿಗೂ ಅದು ಸರಿಯೆನಿಸಿತು. ಅಂದು ಮಧ್ಯಾಹ್ನವೇ ಬಡಿಗ ಬಂದ. ಅಪ್ಪನೇ ಕೆಳಗೆ ನಿಂತು ಪ್ಲೈವುಡ್ ಹಲಗೆಯನ್ನು ಎತ್ತಿ ಹಿಡಿದ. ಮೊಳೆ ಹೊಡೆದ ಮೇಲೆ ಅಂಚಿಗೆಲ್ಲ ಬಿಳಿ ಸಿಮೆಂಟು ಮೆತ್ತಿದರು, ಒಂದು ಕಡ್ಡಿ ತೂರಲೂ ಸಂದು ಉಳಿಯಲಿಲ್ಲ. ಅಪ್ಪ ಬೆರಳಿನಿಂದ ಸುತ್ತ ಒತ್ತಿ ನೋಡಿ, "ಈಗ ಕಾಳಜಿ ಇಲ್ಲ," ಎಂದು ಕೈ ಒರೆಸಿಕೊಂಡ. ನನಗೂ ಹಾಗೆಯೇ ಅನ್ನಿಸಿತು. ಇಷ್ಟು ಎಚ್ಚರದ ಅಪ್ಪ ಯಾರಿಗಿದ್ದಾನೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಆ ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬಳಿದ್ದಳು. ತಾಸಗಾಂವ ಕಡೆಯ ಮರಾಠಿ ಹುಡುಗಿ, ಫಾರ್ಮಸಿ ಓದುತ್ತಿದ್ದಳು. ಎತ್ತರದ ಆಳು, ಸೊಂಟದವರೆಗೆ ಕೂದಲು. ಸಂಜೆ ಬಂದು ಹಲಗೆ ನೋಡಿ, "ಸುಟಲೇ ಬಾಈ", ಸದ್ಯ ಪಾರಾದೆ, ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿಯವರೆಗೆ ಆಕೆ ಬೆಳಕಿಂಡಿಗೆ ಟವೆಲ್ ಕಟ್ಟಿ, ಅದು ಗಾಳಿಗೆ ಹಾರುತ್ತಿದ್ದರೆ ಒಂದು ಕೈಯಿಂದ ಹಿಡಿದುಕೊಂಡು ಮೀಯುತ್ತಿದ್ದಳಂತೆ.

ಮೊದಲ ಮೂರು ವಾರ ನಾನು ಸುಖವಾಗಿದ್ದೆ. ಪ್ರತ್ಯೇಕ ಮಂಚ, ಓದಲು ಮೇಜು, ಬೆಳಗ್ಗೆ ಬಿಸಿ ಭಾಕ್ರಿ. ಒಡತಿ ನನ್ನನ್ನು ಮಾತ್ರ ಅಡುಗೆಮನೆಯೊಳಗೆ ಕರೆಯುತ್ತಿದ್ದರು. ಇಡೀ ದಿನ ಮರಾಠಿಯಲ್ಲಿ ತಡವರಿಸಿ ಬಂದ ನಾಲಿಗೆಗೆ ಆ ಅಡುಗೆಮನೆ ಒಂದು ತಂಪು ಜಾಗ. ನಾನು ಮೆಂತ್ಯೆ ಸೋಸುತ್ತಿದ್ದೆ, ಅವರು ರೊಟ್ಟಿ ಬಡಿಯುತ್ತ ತವರಿನ ಮಾತಾಡುತ್ತಿದ್ದರು. ನನ್ನ ಜೊತೆಯ ಹುಡುಗಿ ಹೊರಗೆ ಊಟದ ಮೇಜಿನಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು. ಆಕೆಗೆ ನಮ್ಮ ಮಾತು ತಿಳಿಯದು ಎಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಥಂಡಿ ಬಿತ್ತು. ಡಿಸೆಂಬರಿನ ಮೊದಲಿಗೆ ನನಗೆ ತಲೆನೋವು ಶುರುವಾಯಿತು. ಬೆಳಗ್ಗೆ ಸ್ನಾನ ಮುಗಿಸಿ ಬಂದು ಜಡೆ ಹಾಕಿಕೊಳ್ಳುವಾಗ ಕಪಾಲದೊಳಗೆ ಯಾರೋ ಬಟ್ಟೆ ಹಿಂಡಿದಂತೆ. ಕಾಲೇಜಿಗೆ ನಡೆದು ಹೋಗುವಷ್ಟರಲ್ಲಿ ಕಡಿಮೆಯಾಗುತ್ತಿತ್ತು. ಊರಿಗೆ ಹೋದರೆ ಮಾಯ, ವಾಪಸು ಬಂದ ಮರುದಿನ ಮತ್ತೆ ಹಾಜರು. ಒಡತಿ, "ಮನೀ ನೆನಪಾಗತೈತಿ, ಅದಕ್ಕ," ಎಂದು ನನ್ನ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದರು. ಇರಬಹುದು ಎಂದುಕೊಂಡೆ.

ನನ್ನ ಜೊತೆಯವಳಿಗೆ ಅದಕ್ಕಿಂತ ಹೆಚ್ಚಾಗಿತ್ತು. ನಾನು ಎರಡು ಬಕೆಟ್ ಹಿಡಿದುಕೊಂಡು, ನಲ್ಲಿ ಬಂದ್ ಮಾಡಿ, ಐದು ನಿಮಿಷದಲ್ಲಿ ಮಿಂದು ಬರುವವಳು. ಅವಳದು ಉದ್ದ ಕೂದಲು. ಬಿಸಿನೀರು ಬಿಟ್ಟುಕೊಂಡು ಶವರಿನ ಕೆಳಗೆ ಅರ್ಧ ತಾಸು. ಹೊರಗೆ ಬಂದಾಗ ಮುಖ ಕೆಂಪಗೆ, ಕಣ್ಣು ಎಲ್ಲೋ. ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಮಾರ್ಗಶೀರ್ಷದ ಗುರುವಾರ ಅವಳ ಉಪವಾಸ. ಮೊದಲ ಗುರುವಾರ ತಲೆಗೆ ಮಿಂದು ಬಂದವಳು ಕನ್ನಡಿಯ ಮುಂದೆ ಕುಸಿದು ಕುಳಿತಳು. ಉಪವಾಸ ಎಂದೆವು. ಎರಡನೆಯ ಗುರುವಾರ ವಾಂತಿ ಮಾಡಿಕೊಂಡಳು. ಪಿತ್ತ ಎಂದೆವು. ಆಮೇಲೆ ಗುರುವಾರವಲ್ಲದ ದಿನವೂ ಆಯಿತು. ಪರೀಕ್ಷೆಯ ಚಿಂತೆ ಎಂದೆವು.

ಆ ದಿನಗಳಲ್ಲಿ ಗೀಸರಿನ ಬೆಂಕಿ ನೀಲಿಯಾಗಿರದೆ ಹಳದಿಯಾಗಿ ತೂರಾಡುತ್ತಿತ್ತು. ಅದರ ಮೇಲಿನ ಟೈಲ್ಸಿನ ಮೇಲೆ ಕಪ್ಪು ಮಸಿ ನಾಲಿಗೆಯ ಆಕಾರದಲ್ಲಿ ಹಬ್ಬಿತ್ತು. ನಾನು ಒಂದು ಭಾನುವಾರ ಅದನ್ನು ಸಾಬೂನು ಹಾಕಿ ತಿಕ್ಕಿ ತೊಳೆದೆ. ವಾರದೊಳಗೆ ಮತ್ತೆ ಬಂತು. ಮತ್ತೆ ತೊಳೆದೆ. ನಾನು ರಕ್ತ ಪರೀಕ್ಷೆ ಕಲಿಯುವವಳು, ಅವಳು ಔಷಧಿ ಕಲಿಯುವವಳು. ರಕ್ತ ಉಸಿರನ್ನು ಹೇಗೆ ಹೊತ್ತೊಯ್ಯುತ್ತದೆ, ಯಾವುದು ಅದನ್ನು ತಡೆಯುತ್ತದೆ ಎಂದು ಅದೇ ತಿಂಗಳು ನಾನು ಪುಟಗಟ್ಟಲೆ ಬರೆದುಕೊಂಡಿದ್ದೆ. ವಹಿಯಲ್ಲಿದ್ದದ್ದು ವಹಿಯಲ್ಲೇ ಉಳಿಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಒಡತಿ ದನಿ ತಗ್ಗಿಸಿ ಕೇಳಿದರು.

"ಆಕಿ ಇವತ್ತೂ ಉಲ್ಟಿ ಮಾಡಿಕೊಂಡ್ಳೇನ?"

"ಹೂಂನ್ರಿ. ಮುಂಜಾನೆ."

"ಚಕ್ಕರ್ ಬರತೈತಿ, ಉಲ್ಟಿ ಆಕ್ಕೈತಿ. ನನಗ ಸಂಶಯ ಐತಿ ನೋಡವಾ. ತಾರೀಖ ತಪ್ಪೇತೇನು, ಗೊತ್ತೇನ ನಿನಗ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಷ್ಟೇ ಹೇಳಿದ್ದರೆ ಆಗುತ್ತಿತ್ತು. ಆದರೆ ಅಡುಗೆಮನೆಯ ಬೆಚ್ಚನೆಯಲ್ಲಿ, ನನ್ನನ್ನು ದೊಡ್ಡವಳಂತೆ ಕೇಳುತ್ತಿದ್ದ ಆ ದನಿಯ ಮುಂದೆ, ನಾನು ಇನ್ನಷ್ಟು ಹೇಳಿದೆ. ಅವಳ ತರಗತಿಯ ಒಬ್ಬ ಹುಡುಗ ಎರಡು ಸಲ ಗೇಟಿನವರೆಗೆ ಬಿಟ್ಟು ಹೋದದ್ದು. ಫೋನ್ ಬಂದರೆ ಆಕೆ ಮಾಳಿಗೆಗೆ ಹೋಗಿ ಮಾತಾಡುವುದು. ಎರಡೂ ನಿಜವೇ. ಎರಡರಲ್ಲೂ ಏನೂ ಇರಲಿಲ್ಲ.

"ನಿಮ್ಮ ಲ್ಯಾಬಿನ್ಯಾಗ ಆಕಿಗೆ ಗೊತ್ತಾಗದಂಗ ತಪಾಸ ಮಾಡಾಕ ಬರತೈತೇನು?"

"ಬರತೈತ್ರಿ," ಎಂದೆ.

ಮಾಡಲಿಲ್ಲ. ಆದರೆ ಹೇಗೆ ಮಾಡಬಹುದು ಎಂದು ಆ ರಾತ್ರಿ ಹಾಸಿಗೆಯಲ್ಲಿ ಯೋಚಿಸಿದೆ. ಪಕ್ಕದ ಮಂಚದಲ್ಲಿ ಅವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನರಳುತ್ತಿದ್ದಳು.

ಆ ಶನಿವಾರ ಒಡತಿ ಅವಳನ್ನು ಕರೆದು ನಿಲ್ಲಿಸಿ ಮಾತಾಡಿದರು. ನಾನು ಮಾಳಿಗೆಯ ಮೆಟ್ಟಿಲ ಮೇಲಿದ್ದೆ. ಇದು ಮರ್ಯಾದಸ್ತರ ಮನೆ, ತಿಂಗಳ ಕೊನೆಗೆ ಖೋಲಿ ಬಿಡು, ನಿನ್ನ ಮನೆಯವರಿಗೆ ನೀನೇ ಹೇಳುತ್ತೀಯೋ ನಾನೇ ಫೋನ್ ಮಾಡಲೋ ಎಂದರು. ಅವಳು ಒಂದೇ ಮಾತು ಕೇಳಿದಳು: "ಮಾವಶಿ, ನಾನು ಏನು ಮಾಡಿದೆ?" ಒಡತಿ ಅಡುಗೆಮನೆಗೆ ಹೋದರು. ಅವಳು ಮೇಲೆ ಬಂದಳು, ನನ್ನ ಮುಖ ನೋಡಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಪುಸ್ತಕದ ಒಂದೇ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದೆ.

ಮರುದಿನ ಭಾನುವಾರ. ಹತ್ತು ಗಂಟೆಯ ಸುಮಾರು, ಚೆನ್ನಾಗಿ ಬಿಸಿಲು ಬಿದ್ದಿತ್ತು. ನಾನು ಬಟ್ಟೆ ಒಣಗಿಸುತ್ತ ಮಾಳಿಗೆಯ ಮೇಲಿದ್ದೆ. ಅವಳು ಸ್ನಾನಕ್ಕೆ ಹೋಗಿದ್ದಳು. ಪೈಪಿನಲ್ಲಿ ನೀರು ಇಳಿಯುವ ಸದ್ದು ಕೇಳುತ್ತಲೇ ಇತ್ತು. ಬಟ್ಟೆಯೆಲ್ಲ ಹಾಕಿ ಮುಗಿಸಿದೆ, ಕ್ಲಿಪ್ಪು ಸಿಕ್ಕಿಸಿದೆ, ಕೂದಲು ಒಣಗಿಸಿಕೊಂಡೆ. ನೀರಿನ ಸದ್ದು ಒಂದೇ ಸಮ. ಮೈಗೆ ನೀರು ಹಾಕಿಕೊಳ್ಳುವವರ ಸದ್ದಿನಲ್ಲಿ ಏರಿಳಿತ ಇರುತ್ತದೆ. ಅದರಲ್ಲಿ ಇರಲಿಲ್ಲ.

ಒಳಗೆ ಹೋಗಿ ಬಾಗಿಲು ತಟ್ಟಿದೆ. ಹೆಸರು ಹಿಡಿದು ಕೂಗಿದೆ. ಬಾಗಿಲ ಕೆಳಗಿನಿಂದ ಬಿಸಿನೀರು ಹರಿದು ಬಂದು ನನ್ನ ಪಾದ ತೊಯಿಸಿತು.

ಪೂಜೆಗೆ ಕುಳಿತಿದ್ದ ಒಡತಿ ಕೂಗಿಗೆ ಎದ್ದು ಬಂದರು. ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಬಾಳ ಬಿರಸ ಮಾತಾಡಿದೆನವಾ ನಾ. ಏನರ ಮಾಡಿಕೊಂಡ್ಳೇನ ಹುಡುಗಿ!"

ಅದೇ ಮಾತು ನನ್ನ ತಲೆಯಲ್ಲೂ ಇತ್ತು. ಇಬ್ಬರೂ ಬಾಗಿಲಿಗೆ ಭುಜ ಕೊಟ್ಟೆವು. ಕಬ್ಬಿಣದ ಚಿಲಕ, ಅಲುಗಲಿಲ್ಲ. ಮಾಳಿಗೆಗೆ ಓಡಿ ಪಕ್ಕದ ಕಟ್ಟಡದ ಕಡೆ ಕೈ ಬೀಸಿ ಕೂಗಿದೆ. ಭಾನುವಾರವಾದರೂ ಒಬ್ಬ ಗೌಂಡಿ ಗೋಡೆಗೆ ನೀರುಣಿಸುತ್ತಿದ್ದ. ಪೈಪು ಎಸೆದು, ಹಾರೆ ಹಿಡಿದುಕೊಂಡು ಬಂದ. ಮೆಟ್ಟಿಲು ಹತ್ತಿದ ಸದ್ದು ಕೇಳಿತು, ಅಷ್ಟರಲ್ಲಿ ಹಾರೆಯ ಮೊನೆ ಚಿಲಕದ ಸಂದಿಗೆ ಹೊಕ್ಕಿತ್ತು.

ಬಾಗಿಲು ತೆರೆದಾಗ ಉಗಿಯ ಗೋಡೆಯೊಂದು ಮುಖಕ್ಕೆ ಬಡಿಯಿತು. ಅವಳು ಮೂಲೆಯಲ್ಲಿ ಗೋಡೆಗೊರಗಿ ಬಿದ್ದಿದ್ದಳು, ಕೂದಲು ಮುಖದ ಮೇಲೆ, ನೀರು ಮೈಮೇಲೆ ಸುರಿಯುತ್ತಲೇ ಇತ್ತು. ಗೀಸರಿನಲ್ಲಿ ಹಳದಿ ಬೆಂಕಿ ಸೀಟಿ ಹಾಕುತ್ತಿತ್ತು. ಒಡತಿ ಹಾಸಿಗೆಯ ಚಾದರ ಎಳೆದು ತಂದು ಅವಳ ಮೇಲೆ ಹಾಕಿದರು. ಗೌಂಡಿ ತಟ್ಟನೆ ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತ. ಹಾಗೆಯೇ ನಿಂತು ಕನ್ನಡದಲ್ಲಿ ಕೇಳಿದ:

"ಅಕ್ಕಾರ, ಕಿಡಕಿ ಎಲ್ಲೈತ್ರಿ ಇಲ್ಲಿ?"

ನಾನು ಹಲಗೆ ತೋರಿಸಿದೆ.

ಅವನು ಒಳಗೆ ನುಗ್ಗಿದ. ಹಾರೆಯಿಂದ ನಾಲ್ಕು ಏಟು ಹಾಕಿದ. ಪ್ಲೈವುಡ್ ಸೀಳಿ, ಸಿಮೆಂಟು ಉದುರಿ, ಬಿಸಿಲಿನ ಕೋಲೊಂದು ಉಗಿಯೊಳಗೆ ಬಿತ್ತು.

"ಆಕೀನ್ನ ಹೊರಗ ಎಳೀರಿ ಮೊದಲ. ನೀವೂ ಒಳಗ ನಿಂದರಬ್ಯಾಡ್ರಿ. ಬಾವ್ಯಾಗ ಡೀಸಲ್ ಇಂಜಿನ್ ಇಳಿಸಿ ಹಚ್ಚಿದಾಗ ಹಿಂಗ ಆಕ್ಕೈತಿ. ವಾಸನಿ ಬರೂದಿಲ್ಲ, ಏನಿಲ್ಲ. ನಮ್ಮ ಕಾಕಾ ಹಿಂಗ ಹೋದ. ತೆಗ್ಯಾಕ ಇಳಿದಾವನೂ ಹೋದ."

ಮೂವರೂ ಸೇರಿ ಚಾದರದಲ್ಲಿ ಸುತ್ತಿ ಮಾಳಿಗೆಗೆ ಎಳೆದು ತಂದೆವು. ಅವಳ ಬಾಯಿಂದ ಗೊರ ಗೊರ ಸದ್ದು ಬರುತ್ತಿತ್ತು. ಉಸಿರಿತ್ತು. ಗೌಂಡಿ ರಿಕ್ಷಾ ತಂದ. ಮಿರಜಿನಲ್ಲಿ ಆಸ್ಪತ್ರೆಗೇನು ಕೊರತೆ, ಎರಡು ತಿರುವಿನಲ್ಲಿ ಮುಟ್ಟಿದೆವು. ಡಾಕ್ಟರು ಕಣ್ಣು ಬಿಡಿಸಿ ನೋಡಿದರು, ಮೂಗಿಗೆ ಮಾಸ್ಕ್ ಏರಿಸಿದರು, ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: ಗೀಸರ್ ಗ್ಯಾಸಿನದಾ? ಬಚ್ಚಲೊಳಗೇ ಇದೆಯಾ? ಕಿಟಕಿ? ಎಷ್ಟು ದಿನದಿಂದ ಈ ತಲೆಸುತ್ತು? ನಾನು ಒಂದೊಂದಕ್ಕೇ ಉತ್ತರ ಕೊಡುತ್ತ ಹೋದಂತೆ ನನ್ನ ಉತ್ತರಗಳೇ ನನಗೆ ಕೇಳತೊಡಗಿದವು. "ನಿನಗೂ ತಲೆನೋವು ಇತ್ತಲ್ಲವೆ?" ಎಂದರು ಕೊನೆಗೆ. ಇತ್ತು ಎಂದೆ. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಇದು ಎಂದರು. ನನ್ನನ್ನೂ ಒಂದು ಮಂಚದ ಮೇಲೆ ಕೂರಿಸಿ ಮಾಸ್ಕ್ ಹಾಕಿದರು.

ಒಡತಿ ಬಾಗಿಲಲ್ಲಿ ನಿಂತಿದ್ದರು. ರೂಢಿಯಂತೆ ಮಾಡಿದ ಪರೀಕ್ಷೆಗಳ ಕಾಗದ ಬಂದಾಗ ಅದನ್ನು ನನ್ನ ಕೈಗಿತ್ತು, "ಓದವಾ," ಎಂದರು. ಏನನ್ನು ಓದಬೇಕೆಂದು ಇಬ್ಬರಿಗೂ ಗೊತ್ತಿತ್ತು.

"ಇಲ್ರಿ. ಏನೂ ಇಲ್ಲ," ಎಂದೆ.

ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆಮೇಲೆ ಅವರೊಂದಿಗೆ ನಾನು ಕನ್ನಡದಲ್ಲಿ ಮಾತಾಡಿದ್ದು ಸಾಮಾನು ಒಯ್ಯಲು ಹೋದ ದಿನ ಮಾತ್ರ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಹಲಗೆಯ ಮಾತನ್ನೂ ಹೇಳಿದೆ.

"ನಾನ ಹಿಡಕೊಂಡು ನಿಂತಿದ್ನಲ್ಲ ಅದನ್ನ," ಎಂದ.

ಮರುದಿನ ಮೊದಲ ಬಸ್ಸಿಗೆ ಬಂದ. ಅವಳ ತಂದೆಯೂ ಬಂದಿದ್ದರು. ಹೊಲದಿಂದಲೇ ಎದ್ದು ಬಂದವರ ಹಾಗೆ ಪಾಯಿಜಾಮದ ಅಂಚಿನಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧಿಯ ನೀಲಿ ಕಲೆ ಹಾಗೇ ಇತ್ತು. ಇಬ್ಬರೂ ಐಸಿಯು ಹೊರಗಿನ ಬೆಂಚಿನ ಮೇಲೆ ದಿನವಿಡೀ ಕುಳಿತರು. ಅಪ್ಪ ಅವರಿಗೆ ಚಹಾ ತಂದುಕೊಟ್ಟ, ಔಷಧಿ ಚೀಟಿ ಹಿಡಿದು ಓಡಾಡಿದ. ಆ ಮನುಷ್ಯ ನನ್ನೆದುರಿಗೇ ಅಪ್ಪನ ಕೈ ಹಿಡಿದುಕೊಂಡು, ನೆಂಟರನ್ನು ಕರೆಯುವಂತೆ, "ಪಾವ್ಹಣೆ, ದೇವರ ಹಾಗೆ ಬಂದಿರಿ," ಎಂದರು. ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಅವರ ಕೈಯೊಳಗಿನ ತನ್ನ ಕೈಯನ್ನೇ ನೋಡುತ್ತಿದ್ದ. ಅದಾದ ಮೇಲೆ ಅಪ್ಪ ಯಾವ ಮನೆಗೂ ನನ್ನ ಜೊತೆ ಖೋಲಿ ನೋಡಲು ಬರಲಿಲ್ಲ. "ನಿನಗ ತಿಳದಂಗ ಮಾಡು," ಎನ್ನುತ್ತಿದ್ದ.

ಪೊಲೀಸರು ಬಂದು ಬರೆದುಕೊಂಡು ಹೋದರು. ಅಪಘಾತ ಎಂದಾಯಿತು. ನಾನು ಹೇಳಿಕೆ ಕೊಡುವಾಗ ಹಲಗೆ ಹೊಡೆಸಿದ್ದು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕನೆಯ ದಿನ ಅವಳು ಕಣ್ಣು ಬಿಟ್ಟು ಅವ್ವನನ್ನು ಗುರುತಿಸಿದಳು. ಎಲ್ಲರೂ ಗೆದ್ದೆವು ಅಂದುಕೊಂಡರು. ಮನೆಗೂ ಕರೆದೊಯ್ದರು. ಮೂರು ವಾರದ ಮೇಲೆ ಬೇರೆಯದೇ ಶುರುವಾಯಿತಂತೆ: ಮಾತಿನ ನಡುವೆ ಪದ ಸಿಗದೆ ನಿಲ್ಲುವುದು, ಬಲಗೈ ನಡುಗುವುದು, ಒಲೆಯ ಮೇಲೆ ಇಟ್ಟದ್ದನ್ನು ಮರೆಯುವುದು. ಹಾಗೂ ಆಗುತ್ತದೆ ಎಂದು ಡಾಕ್ಟರು ಹೇಳಿದರಂತೆ. ಔಷಧಿಯ ತೂಕ ಅಳೆಯುವ ಕೆಲಸಕ್ಕೆ ಆ ಕೈ ಆಗಲಿಲ್ಲ. ಕಾಲೇಜು ಬಿಡಿಸಿದರು. ನಾನು ಫೋನ್ ಮಾಡುತ್ತಿದ್ದೆ. ಅವಳ ಅವ್ವ ಎತ್ತಿ, ಮಲಗಿದ್ದಾಳೆ ಎನ್ನುತ್ತಿದ್ದಳು. ಪ್ರತಿ ಸಲವೂ ಮಲಗಿರುತ್ತಿದ್ದಳು. ನಾನು ಬಿಟ್ಟೆ.

ನನಗೆ ಜನವರಿಯಲ್ಲಿ ಹಾಸ್ಟೆಲ್ ಸಿಕ್ಕಿತು, ಆರು ಮಂಚದ ಕೋಣೆ. ಕಿಟಕಿಯ ಪಕ್ಕದ ಮಂಚ ಬೇಕೆಂದು ಜಗಳವಾಡಿದೆ. ಚಳಿಗೆ ಎಲ್ಲರೂ ಮುಚ್ಚು ಎಂದು ಬೈದರೂ ಕಿಟಕಿ ಮುಚ್ಚಲಿಲ್ಲ. ಕೋರ್ಸ್ ಮುಗಿಯಿತು, ಸಾಂಗಲಿಯಲ್ಲೇ ಕೆಲಸ, ಮದುವೆ, ಮನೆ.

ಹೋದ ವರ್ಷ, ಹನ್ನೆರಡು ವರ್ಷದ ಮೇಲೆ, ಅವಳು ನನ್ನ ಮುಂದೆ ಬಂದು ಕುಳಿತಳು. ನಮ್ಮ ಲ್ಯಾಬಿಗೆ ಅತ್ತೆಯ ರಕ್ತ ಕೊಡಿಸಲು ಬಂದಿದ್ದಳು. ಕೂದಲು ಕತ್ತರಿಸಿ ಭುಜದವರೆಗೆ ಮಾಡಿಕೊಂಡಿದ್ದಳು. ನಾನು ಸೂಜಿ ಹಿಡಿದವಳು ಹಾಗೇ ನಿಂತೆ. ಅವಳು ನಿಧಾನವಾಗಿ, ಒಂದೊಂದೇ ಪದ ಆರಿಸಿ, "ಕಸಬೆ ಡಿಗ್ರಜದಲ್ಲಿ ಕೊಟ್ಟಿದ್ದಾರೆ ನನ್ನನ್ನು. ಭಾನುವಾರ ಬಾ," ಎಂದಳು.

ಹೋದೆ. ನದಿ ಕಡೆಯ ಓಣಿಯಲ್ಲಿ ಮನೆ, ಅಂಗಳದಲ್ಲಿ ಅರಿಸಿನ ಬೇಯಿಸಿದ ವಾಸನೆ. ಗಂಡ, ಇಬ್ಬರು ಮಕ್ಕಳು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಬರಹ: ಹಾಲಿನವನು, ಮಗನ ಫೀ, ಗ್ಯಾಸ್ ಬಂದ್ ಮಾಡು, ಗ್ಯಾಸ್ ಬಂದ್ ಮಾಡು. ಚಹಾ ಕುಡಿದೆವು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಲೇಬೇಕೆಂದು ಹೋಗಿದ್ದೆ. ಮೊದಲು ಹಲಗೆಯ ಮಾತು ಹೇಳಿದೆ. ನಮ್ಮಪ್ಪನೇ ಹೊಡೆಸಿದ್ದು ಎಂದೆ.

"ನನ್ನ ಅಪ್ಪ ಬಂದಿದ್ದರೂ ಅದನ್ನೇ ಮಾಡಿಸುತ್ತಿದ್ದ," ಎಂದಳು ಅವಳು.

ಆಮೇಲೆ ಅಡುಗೆಮನೆಯ ಮಾತು ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಉಲ್ಟಿ, ಚಕ್ಕರ್, ಸಂಶಯ, ತಾರೀಖ್," ಎಂದು ಎಣಿಸಿದಳು. "ಇಷ್ಟು ತಿಳಿಯಲು ಎಷ್ಟು ಕನ್ನಡ ಬರಬೇಕು? ನಾನು ಹೊರಗೇ ಕುಳಿತಿದ್ದೆ. ನೀನು ಆ ಹುಡುಗನ ವಿಷಯ ಹೇಳಿದ್ದೂ ಕೇಳಿಸಿತು. ಆ ಭಾನುವಾರದ್ದು ಏನೂ ನೆನಪಿಲ್ಲ ನನಗೆ. ಅದರ ಹಿಂದಿನದು ಮಾತ್ರ ಹೋಗಿಲ್ಲ."

"ಆಗಲೇ ಯಾಕೆ ಕೇಳಲಿಲ್ಲ ನನ್ನನ್ನು?"

"ಕೇಳೋಣ ಅಂತಿದ್ದೆ. ತಲೆ ನೋಯುತ್ತಿತ್ತು." ಸ್ವಲ್ಪ ಹೊತ್ತು ಪದ ಹುಡುಕಿದಳು. "ಮಲಗಿದ್ದಾಳೆ ಅನ್ನು ಅಂತ ಅವ್ವನಿಗೆ ನಾನೇ ಹೇಳಿದ್ದೆ. ಮಲಗಿರುತ್ತಿರಲಿಲ್ಲ."

ನನಗೆ ಅಳು ಬಂತು. ಅವಳು ಅಳಲೂ ಇಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ. ಎದ್ದು ಹೋಗಿ ಕಪ್ಪು ತೊಳೆದಳು. ಬಲಗೈ ನಡುಗಿ ಬಸಿ ಎರಡು ಸಲ ತೊಟ್ಟಿಯ ಅಂಚಿಗೆ ತಗುಲಿತು. ನಾನು ಏಳಲು ಹೋದರೆ, "ಕುಳಿತುಕೋ," ಎಂದಳು. ಬಸ್ಸಿನವರೆಗೆ ಬಂದು ಬಿಟ್ಟಳು. ಬಸ್ ಬರುವ ಹೊತ್ತಿಗೆ, ಬೇರೆಯವರ ಕೆಲಸ ಹೇಳುವಂತೆ ಹೇಳಿದಳು: ಅಣ್ಣನ ಮಗಳಿಗೆ ಸಾಂಗಲಿಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಖೋಲಿ ನೋಡಬೇಕು. ನೀನು ಬರುವೆಯಾ?

ಮುಂದಿನ ವಾರ ಮೂವರೂ ಅಡ್ಡಾಡಿದೆವು. ಒಂದು ಕಡೆ ಎಂಟು ಹುಡುಗಿಯರಿಗೆ ಒಂದೇ ಕಕ್ಕಸು. ಇನ್ನೊಂದು ಕಡೆ ಮಾಳಿಗೆಯ ಮೇಲೆ ತಗಡಿನ ಕೋಣೆ, ನಾವು ಒಳಗೆ ಹೋದಾಗ ಮಾಲೀಕನ ಮಗ ಬಾಗಿಲಲ್ಲೇ ನಿಂತಿದ್ದ. ಮೂರನೆಯದು ಚೆನ್ನಾಗಿತ್ತು. ಅಲ್ಲಿ ಗಾಳಿಯಿತ್ತು, ಬೆಳಕಿತ್ತು, ವಿದ್ಯುತ್ತಿನ ಗೀಸರಿತ್ತು, ನಯವಾಗಿ ಮಾತಾಡುವ ಒಡತಿಯಿದ್ದರು. ಹುಡುಗಿ ಆಗಲೇ ಮಂಚದ ಮೇಲೆ ಚೀಲ ಇಟ್ಟಿದ್ದಳು. ಸೋದರತ್ತೆ ಕೋಣೆಯ ನಡುವೆ ನಿಂತು ಬೇಡ ಎಂದಳು. ಯಾಕೆ ಎಂದು ಹುಡುಗಿ ಕೇಳಿದಳು. ಅವಳಿಗೆ ಕಾರಣ ಹೇಳಲಾಗಲಿಲ್ಲ. ಪದ ಸಿಗಲಿಲ್ಲವೋ, ಕಾರಣವೇ ಇರಲಿಲ್ಲವೋ. ನನ್ನ ಮುಖ ನೋಡಿದಳು. ನಾನು ಗೋಡೆ ಮುಟ್ಟಿದೆ, ನಲ್ಲಿ ತಿರುಗಿಸಿದೆ, ತಂತಿ ನೋಡಿದೆ, ಚಿಲಕ ಎಳೆದೆ. ತಪ್ಪು ಏನೂ ಕಾಣಲಿಲ್ಲ. ಮಿರಜಿನಲ್ಲೂ ಕಂಡಿರಲಿಲ್ಲ.

ಹುಡುಗಿ ಈಗ ಅಲ್ಲೇ ಇದ್ದಾಳೆ. ಅವಳು ದಿನಾ ಬೆಳಗ್ಗೆ ಎಂಟಕ್ಕೆ ಹುಡುಗಿಗೆ ಫೋನ್ ಮಾಡುತ್ತಾಳೆ. ಎತ್ತದಿದ್ದರೆ ನನಗೆ ಮಾಡುತ್ತಾಳೆ. ಹಲೋ ಎನ್ನುವುದಿಲ್ಲ, "ಎತ್ತುತ್ತಿಲ್ಲ," ಎಂದಷ್ಟೇ ಹೇಳಿ ಇಡುತ್ತಾಳೆ. ನಾನು ಲ್ಯಾಬಿನಲ್ಲಿ ಕೈಗವಸು ಬಿಚ್ಚಿಟ್ಟು ಗಾಡಿ ಹತ್ತುತ್ತೇನೆ. ಇಲ್ಲಿಯವರೆಗೆ ಐದು ಸಲ ಹೋಗಿದ್ದೇನೆ. ಮೊನ್ನೆ ಮೆಟ್ಟಿಲು ಹತ್ತಿ ಬಾಗಿಲು ಬಡಿದಾಗ ಬಹಳ ಹೊತ್ತು ಸದ್ದಿಲ್ಲ. ಕೈ ನೋಯುವಷ್ಟು ಬಡಿದೆ. ಆಮೇಲೆ ಹುಡುಗಿ ಕಿವಿಯಿಂದ ಇಯರ್‌ಫೋನ್ ಕಿತ್ತುಕೊಳ್ಳುತ್ತ ಬಾಗಿಲು ತೆರೆದಳು.

"ಮತ್ತೆ ಬಂದ್ರಾ ಮಾವಶಿ?" ಎಂದಳು. ಒಳಗೆ ಕರೆಯಲಿಲ್ಲ.